ಇಳಿಜಾರಿನ ಲೆಕ್ಕ

ಒಂದು ಯುನಿಟ್ ಕರೆಂಟಿನಿಂದ ಸಾವಿರ ಲೀಟರ್ ನೀರನ್ನು 367 ಮೀಟರ್ ಮೇಲಕ್ಕೆ ಎತ್ತಬಹುದು. ಅದಕ್ಕಿಂತ ಒಂದು ಮೀಟರ್ ಹೆಚ್ಚು ಎತ್ತುವುದು ಯಾವ ಕಂಪೆನಿಯ ಪಂಪಿಗೂ ಸಾಧ್ಯವಿಲ್ಲ. ಸಾವಿರ ಲೀಟರ್ ನೀರೆಂದರೆ ಒಂದು ಟನ್ ತೂಕ. ಅದನ್ನು ಒಂದು ಮೀಟರ್ ಎತ್ತಲು 9,800 ಜೂಲ್ ಶಕ್ತಿ ಬೇಕು. ಒಂದು ಯುನಿಟ್ ಎಂದರೆ ಒಂದು ಕಿಲೋವ್ಯಾಟ್ ಒಂದು ಗಂಟೆ ಹರಿದಷ್ಟು, ಅಂದರೆ 36 ಲಕ್ಷ ಜೂಲ್. ಭಾಗಿಸಿದರೆ 367 ಬರುತ್ತದೆ. ಹೈಸ್ಕೂಲಿನ ಮಕ್ಕಳು ಮಾಡಬಹುದಾದ ಲೆಕ್ಕ ಇದು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಪ್ರತಿ ತೋಟಗಾರನಿಗೂ ಈ ಒಂದು ಸಂಖ್ಯೆ ಬಾಯಿಪಾಠ ಬರಬೇಕು ಎಂದು ನಾನು ಬಯಸುತ್ತೇನೆ. ನಮ್ಮ ತಾಲೂಕುಗಳ ನೀರು, ತೋಟ, ಕರೆಂಟು, ಹೊಳೆಗಳ ಬಗ್ಗೆ ಈಗ ನಡೆಯುತ್ತಿರುವ ಜಗಳಗಳಲ್ಲಿ ಬಹುಪಾಲು ಇಂಥ ಸಂಖ್ಯೆಗಳಿಲ್ಲದೆಯೇ ನಡೆಯುತ್ತಿವೆ.

ಶಕ್ತಿ ಬೇರೆ, ಅದನ್ನು ಬಳಸುವ ವೇಗ ಬೇರೆ. ಯುನಿಟ್ ಶಕ್ತಿಯ ಅಳತೆ. ವ್ಯಾಟ್, ಕಿಲೋವ್ಯಾಟ್, ಮೆಗಾವ್ಯಾಟ್, ಎಚ್‌ಪಿ ಇವೆಲ್ಲ ವೇಗದ ಅಳತೆ. ಒಂದು ಎಚ್‌ಪಿಗೆ 746 ವ್ಯಾಟ್. ‘ಇಷ್ಟು ಮೆಗಾವ್ಯಾಟ್ ವಿದ್ಯುತ್ ಖರ್ಚಾಯಿತು’ ಎಂಬ ಸುದ್ದಿ ಕಂಡಾಗ ಎಷ್ಟು ಹೊತ್ತು ಎಂದು ಕೇಳದಿದ್ದರೆ ಆ ವಾಕ್ಯಕ್ಕೆ ಅರ್ಥವೇ ಇಲ್ಲ.

ಇವೆರಡರ ವ್ಯತ್ಯಾಸ ತಿಳಿಯಲು ಧರ್ಮಸ್ಥಳಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಅಲ್ಲಿನ ಬಾಹುಬಲಿ 39 ಅಡಿ ಎತ್ತರದ ಏಕಶಿಲೆ, ಸುಮಾರು 170 ಟನ್ ತೂಕ. ರೆಂಜಾಳ ಗೋಪಾಲಕೃಷ್ಣ ಶೆಣೈಯವರ ನೇತೃತ್ವದಲ್ಲಿ ಕಾರ್ಕಳದಲ್ಲಿ ಕೆತ್ತಿದ ಆ ಮೂರ್ತಿಯನ್ನು 1973ರಲ್ಲಿ ಧರ್ಮಸ್ಥಳಕ್ಕೆ ತಂದರು; ಪ್ರತಿಷ್ಠೆ ಆದದ್ದು 1982ರಲ್ಲಿ. ಅಷ್ಟು ತೂಕವನ್ನು ಒಂದು ಮೀಟರ್ ಮೇಲಕ್ಕೆ ಎತ್ತಲು ಎಷ್ಟು ಶಕ್ತಿ ಬೇಕು? ಸುಮಾರು 16 ಲಕ್ಷ 66 ಸಾವಿರ ಜೂಲ್. ಅರ್ಧ ಯುನಿಟ್ಟೂ ಅಲ್ಲ. ಗಟ್ಟಿಮುಟ್ಟಾದ ಒಬ್ಬ ಕೂಲಿಯಾಳು ಎಂಟು ಗಂಟೆ ದುಡಿದರೆ ಅವನ ಸ್ನಾಯುಗಳಿಂದ ಹೊರಬರುವ ಕೆಲಸ ಸುಮಾರು ಮುಕ್ಕಾಲು ನೂರು ವ್ಯಾಟಿನ ಲೆಕ್ಕದಲ್ಲಿ 0.6 ಯುನಿಟ್. ಘರ್ಷಣೆಯೇ ಇಲ್ಲದ ಒಂದು ರಾಟೆ ವ್ಯವಸ್ಥೆ ಇದ್ದಿದ್ದರೆ ಒಬ್ಬನೇ ಮನುಷ್ಯ ಒಂದು ಹಗಲಿನಲ್ಲಿ ಬಾಹುಬಲಿಯನ್ನು ಒಂದು ಮೀಟರ್ ಎತ್ತಿಬಿಡುತ್ತಿದ್ದ! ಅದೇ ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ 1604ರಲ್ಲಿ ತಿಮ್ಮಣ್ಣ ಅಜಿಲರು 35 ಅಡಿಯ ಗೊಮ್ಮಟನನ್ನು ನಿಲ್ಲಿಸಿದಾಗ, ಅದಕ್ಕೂ ಮೊದಲು 1430ರಲ್ಲಿ ಮೂಡುಬಿದಿರೆಯ ಸಾವಿರ ಕಂಬದ ಬಸದಿ ಎದ್ದಾಗ, ಖರ್ಚಾದ ಶಕ್ತಿಯೆಲ್ಲ ಮನುಷ್ಯರದು ಮತ್ತು ಪ್ರಾಣಿಗಳದು. ಅನ್ನ, ಹುರುಳಿ, ಹುಲ್ಲು ಅದರ ಇಂಧನ. ಅವರಿಗೆ ಕೊರತೆಯಾಗಿದ್ದದ್ದು ವೇಗ.

ಡೀಸೆಲ್ ಮತ್ತು ಕರೆಂಟು ನಮಗೆ ಕೊಟ್ಟದ್ದು ಆ ವೇಗವನ್ನು. ಐದು ಎಚ್‌ಪಿಯ ಪಂಪು ಒಂದು ಗಂಟೆ ಓಡಿದರೆ ಸುಮಾರು 3.7 ಯುನಿಟ್, ಆರು ಆಳುಗಳ ಇಡೀ ದಿನದ ದುಡಿಮೆ. ಒಂದು ಲೀಟರ್ ಪೆಟ್ರೋಲಿನಲ್ಲಿ ಒಂಬತ್ತೂವರೆ ಯುನಿಟ್ಟಿನಷ್ಟು ಶಾಖ ಅಡಗಿದೆ. ಅಡುಗೆ ಮನೆಯ 14.2 ಕಿಲೋ ಸಿಲಿಂಡರಿನಲ್ಲಿ ಸುಮಾರು 180 ಯುನಿಟ್. ಇಷ್ಟೊಂದು ಶಕ್ತಿ ಇಷ್ಟು ಅಗ್ಗಕ್ಕೆ ಸಿಗುವುದು ಮನುಷ್ಯ ಚರಿತ್ರೆಯಲ್ಲೇ ಹೊಸತು. ಅದರ ಬೆಲೆ ನಮಗೆ ಗೊತ್ತಾಗದೆ ಹೋದದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಪಂಪು ಬರುವ ಮೊದಲು ನಮ್ಮ ಸೀಮೆಯ ಕೃಷಿ ನಿಂತಿದ್ದದ್ದು ಇಳಿಜಾರಿನ ಮೇಲೆ. ಗದ್ದೆಗಳ ವಿಂಗಡಣೆಯನ್ನೇ ನೋಡಿ. ಎತ್ತರದ ಬೆಟ್ಟು ಗದ್ದೆಗೆ ಮಳೆಗಾಲದ ಏಣಿಲು ಒಂದೇ ಬೆಳೆ. ನಡುವಿನ ಮಜಲು ಗದ್ದೆಗೆ ಏಣಿಲಿನ ಜೊತೆಗೆ ಸುಗ್ಗಿ. ತಗ್ಗಿನ ಬೈಲು ಗದ್ದೆಗೆ ಕೊಳಕೆಯೂ ಸೇರಿ ಮೂರು. ಯಾವ ಗದ್ದೆಯಲ್ಲಿ ಎಷ್ಟು ಬೆಳೆ ಎಂಬುದನ್ನು ಒಡೆಯನ ಆಸೆ ನಿರ್ಧರಿಸುತ್ತಿರಲಿಲ್ಲ; ಗುರುತ್ವಾಕರ್ಷಣೆ ನೀರನ್ನು ಎಲ್ಲಿಯವರೆಗೆ ತಂದು ನಿಲ್ಲಿಸುತ್ತದೆಯೋ ಅದು ನಿರ್ಧರಿಸುತ್ತಿತ್ತು. ಮಳೆ ನಿಂತ ಮೇಲೆ ತೋಡಿಗೆ ಅಡ್ಡವಾಗಿ ಕಲ್ಲು ಮಣ್ಣಿನ ಕಟ್ಟ ಹಾಕಿ, ಹರಿವಿನ ಮಟ್ಟವನ್ನು ಆಳೆತ್ತರ ಏರಿಸಿ, ಕಣಿಯಲ್ಲಿ ತೋಟಕ್ಕೆ ಹಾಯಿಸುತ್ತಿದ್ದರು. ಆ ಕಟ್ಟದ ಹಿಂದೆ ನಿಂತ ನೀರು ಸುತ್ತಲಿನ ಬಾವಿಗಳನ್ನೂ ಹಿಡಿದು ನಿಲ್ಲಿಸುತ್ತಿತ್ತು.

ಇನ್ನು ಸುರಂಗ. ವಿಟ್ಲದಿಂದ ಅಡ್ಯನಡ್ಕ, ಮಾಣಿಲದ ಕಡೆಗೆ, ಅಲ್ಲಿಂದ ಗಡಿ ದಾಟಿ ಕಾಸರಗೋಡಿನ ಬಾಯಾರು, ಪಡ್ರೆಯವರೆಗೂ ಮುರಕಲ್ಲಿನ ಗುಡ್ಡಗಳ ಹೊಟ್ಟೆಗೆ ಅಡ್ಡಡ್ಡಲಾಗಿ ಕೊರೆದ, ಒಬ್ಬ ಮನುಷ್ಯ ಹೋಗಿ ಬರುವಷ್ಟು ಅಗಲದ ಕಿರಿದಾದ ಮಾರ್ಗ. ಗುಡ್ಡ ಕುಡಿದ ಮಳೆನೀರು ಒಳಗಿನ ಗೋಡೆಗಳಿಂದ ಜಿನುಗಿ, ನೆಲದಲ್ಲಿ ಬೆರಳಗಲದ ಧಾರೆಯಾಗಿ, ಬಾಯಿಯ ಹೊರಗಿನ ಟ್ಯಾಂಕಿಗೆ ತಾನೇ ಬಂದು ಬೀಳುತ್ತದೆ. ಬಂಟ್ವಾಳ ತಾಲೂಕಿನ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರು ಕೂಲಿ ಕೆಲಸ ಮುಗಿಸಿ ಉಳಿದ ಹೊತ್ತಿನಲ್ಲಿ ಒಬ್ಬರೇ ಸುರಂಗ ಕೊರೆದವರು. ಮೊದಮೊದಲ ಸುರಂಗಗಳಲ್ಲಿ ನೀರು ಸಿಗಲಿಲ್ಲ. ಅವರು ಮತ್ತೆ ಮತ್ತೆ ಕೊರೆದರು, ಕೊನೆಗೆ ಬರಡು ಗುಡ್ಡದಲ್ಲಿ ಅಡಿಕೆ ತೋಟ ಎಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ಪತ್ರಿಕೆಗಳು ಅವರ ಛಲವನ್ನು ಹೊಗಳಿದವು. ಅದು ಸರಿಯೇ. ಆದರೆ ಆ ಛಲದ ಒಳಗೆ ಒಂದು ಭೌತಶಾಸ್ತ್ರವೂ ಇದೆ, ಅದನ್ನು ಯಾರೂ ಬರೆದದ್ದು ನನಗೆ ಕಾಣಲಿಲ್ಲ.

ನಮ್ಮಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಒಂದು ಎಕರೆಯ ಮೇಲೆ ಬೀಳುವುದು ಸುಮಾರು 16,000 ಟನ್ ನೀರು. ಆ ಎಕರೆ ಕಣಿವೆಯಿಂದ ನೂರು ಮೀಟರ್ ಎತ್ತರದ ಗುಡ್ಡದ ನೆತ್ತಿಯಲ್ಲಿದ್ದರೆ, ಅಷ್ಟು ನೀರನ್ನು ಅಲ್ಲಿಗೆ ತಲುಪಿಸಲು ಕನಿಷ್ಠ 4,300 ಯುನಿಟ್ ಬೇಕು. ಆ ಕೆಲಸವನ್ನು ಅರಬ್ಬಿ ಸಮುದ್ರದ ಮೇಲೆ ಉರಿಯುವ ಸೂರ್ಯ ಪ್ರತಿ ವರ್ಷ ಬಿಟ್ಟಿ ಮಾಡಿಕೊಡುತ್ತಾನೆ. ಸುರಂಗ ಮಾಡುವುದಿಷ್ಟೇ: ಸೂರ್ಯ ಎತ್ತಿಟ್ಟ ನೀರು ಪೂರ್ತಿ ಕೆಳಗಿಳಿಯುವ ಮೊದಲು, ತೋಟಕ್ಕಿಂತ ಮೇಲಿನ ಮಟ್ಟದಲ್ಲೇ ಅದನ್ನು ಹಿಡಿದುಕೊಳ್ಳುವುದು. ಕೊಳವೆಬಾವಿ ಮಾಡುವುದು ಇದಕ್ಕೆ ತದ್ವಿರುದ್ಧ. ನೀರು ನೂರೈವತ್ತು ಮೀಟರ್ ಆಳಕ್ಕೆ ಇಳಿದು ಹೋಗುವವರೆಗೆ ಸುಮ್ಮನಿದ್ದು, ಆಮೇಲೆ ಕಲ್ಲಿದ್ದಲು ಸುಟ್ಟು ಅದನ್ನು ಮೇಲಕ್ಕೆ ತರುವುದು.

ತೋಟದ ಲೆಕ್ಕ ಹಾಕೋಣ. ವಿಟ್ಲದಲ್ಲಿ ಶಾಖೆ ಇರುವ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಶಿಫಾರಸು ಮಾಡುವ 2.7 ಮೀಟರ್ ಅಂತರದಲ್ಲಿ ಎಕರೆಗೆ ಸುಮಾರು 550 ಅಡಿಕೆ ಮರ. ಹನಿ ನೀರಾವರಿಯಲ್ಲಿ ಬೇಸಿಗೆಯ ದಿನವೊಂದಕ್ಕೆ ಮರಕ್ಕೆ 20 ಲೀಟರ್ ಹಿಡಿದರೆ ಎಕರೆಗೆ 11,000 ಲೀಟರ್. ತೆರೆದ ಬಾವಿಯಲ್ಲಿ ಹತ್ತು ಮೀಟರ್ ಕೆಳಗೆ ನೀರು, ಬಾವಿಯಿಂದ ಇಪ್ಪತ್ತು ಮೀಟರ್ ಮೇಲೆ ತೋಟ. ಒಟ್ಟು ಮೂವತ್ತು ಮೀಟರ್ ಎತ್ತಲು ದಿನಕ್ಕೆ 0.9 ಯುನಿಟ್. ಮೋಟಾರು, ಪಂಪು, ಪೈಪುಗಳಲ್ಲಿ ಸೋರಿಹೋಗುವುದನ್ನು ಕಳೆದು ನಾವು ಕೊಟ್ಟ ಕರೆಂಟಿನಲ್ಲಿ ಶೇ 40 ನೀರಿಗೆ ತಲುಪಿತೆಂದರೂ ಎರಡೂಕಾಲು ಯುನಿಟ್ ಸಾಕು. ಅದೇ ನೀರು 150 ಮೀಟರ್ ಆಳದ ಕೊಳವೆಬಾವಿಯಿಂದ ಬಂದರೆ ದಿನಕ್ಕೆ ಹನ್ನೊಂದು ಯುನಿಟ್ ದಾಟುತ್ತದೆ. ಅದೇ ಮರ, ಅದೇ ಗೊನೆ, ಅದೇ ಧಾರಣೆ. ಕರೆಂಟು ಮಾತ್ರ ಐದು ಪಟ್ಟು.

ಆ ಹನ್ನೊಂದು ಯುನಿಟ್ ಎಲ್ಲಿಂದ ಬರುತ್ತದೆ? ಉಡುಪಿ ಜಿಲ್ಲೆಯ ಎಲ್ಲೂರಿನ ಸ್ಥಾವರದ ಸಾಮರ್ಥ್ಯ 1,200 ಮೆಗಾವ್ಯಾಟ್. ಪೂರ್ಣ ಓಡಿದರೆ ಗಂಟೆಗೆ 12 ಲಕ್ಷ ಯುನಿಟ್. ಒಂದು ಯುನಿಟ್ಟಿಗೆ ಸುಮಾರು ಅರ್ಧ ಕಿಲೋ ಕಲ್ಲಿದ್ದಲು, ಅದೂ ಹಡಗಿನಲ್ಲಿ ಹೊರದೇಶದಿಂದ ಬಂದದ್ದು. ಕಲ್ಲಿದ್ದಲಿನ ಶಾಖದಲ್ಲಿ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಮಾತ್ರ ಕರೆಂಟಾಗುತ್ತದೆ, ಉಳಿದದ್ದು ಗಾಳಿಗೆ ಮತ್ತು ನೀರಿಗೆ. ಇದು ಇಂಜಿನಿಯರುಗಳ ಅಸಡ್ಡೆ ಅಲ್ಲ. ಶಾಖವನ್ನು ಪೂರ್ತಿಯಾಗಿ ಕೆಲಸವಾಗಿ ಪರಿವರ್ತಿಸಲಾಗದು ಎಂಬ ಉಷ್ಣಗತಿಶಾಸ್ತ್ರದ ನಿಯಮ. ಆಮೇಲೆ ಲೈನಿನಲ್ಲಿ ಒಂದಷ್ಟು ನಷ್ಟ, ಪಂಪಿನಲ್ಲಿ ಅರ್ಧಕ್ಕಿಂತ ಹೆಚ್ಚು ನಷ್ಟ. ಒಂದು ಯುನಿಟ್ಟಿನಷ್ಟು ಕೆಲಸ ನೀರಿನ ಮೇಲೆ ನಡೆಯಬೇಕಾದರೆ ಅಲ್ಲಿ ಎಂಟು ಯುನಿಟ್ಟಿನಷ್ಟು ಶಾಖ ಉರಿಯಬೇಕು. ಸುರಂಗದ ಬಾಯಲ್ಲಿ ಬೀಳುವ ನೀರಿಗೆ ಇದ್ಯಾವುದೂ ಬೇಡ.

ಹಾಗೆಂದು ಎಲ್ಲರೂ ಸುರಂಗಕ್ಕೆ ಮರಳಿ ಎಂದು ಹೇಳಲಾರೆ. ಸುರಂಗದ ನೀರಿಗೆ ಮಿತಿ ಇದೆ, ಕೊರೆಯುವವರ ಕೈಗಳೂ ಉಳಿದಿಲ್ಲ. ಪಂಪು ಬಂದದ್ದರಿಂದ ಎಷ್ಟೋ ಸಣ್ಣ ಹಿಡುವಳಿದಾರರ ಮನೆಯಲ್ಲಿ ಅನ್ನ ಹೆಚ್ಚಿತು, ಮಕ್ಕಳು ಕಾಲೇಜಿಗೆ ಹೋದರು. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗೆ ಸಿಕ್ಕಿಕೊಂಡ, ಬೆಳ್ತಂಗಡಿ ತಾಲೂಕಿನ ಕುತ್ಲೂರಿನಂಥ ಮಲೆಕುಡಿಯರ ಊರುಗಳು ಕರೆಂಟಿಲ್ಲದೆ ದಶಕಗಳನ್ನು ಕಳೆದವು. ಅವರಿಗೆ ಮಿತಬಳಕೆಯ ಉಪದೇಶ ಮಾಡುವುದು ಕ್ರೌರ್ಯ. ಮೊದಲ ಐವತ್ತು ಯುನಿಟ್ ಒಂದು ಮನೆಗೆ ಕೊಡುವ ಬೆಳಕು, ಫ್ಯಾನು, ಮಿಕ್ಸಿಯ ಸುಖ ದೊಡ್ಡದು. ನನ್ನ ತಕರಾರು ಇರುವುದು ಬೆಳವಣಿಗೆಯ ಬಗ್ಗೆ ನಾವು ಮಾತಾಡುವ ರೀತಿಯ ಮೇಲೆ. ವರ್ಷಕ್ಕೆ ಶೇ 7 ಬೆಳವಣಿಗೆ, ಶೇ 10 ಬೆಳವಣಿಗೆ ಎಂದು ಹೇಳುತ್ತೇವೆ. ಅದು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ಕೇಳುವುದಿಲ್ಲ.

ಹೀಗೆ ಕೇಳದಿರಲು ನಮ್ಮ ಜಿಲ್ಲೆಯವರಿಗಂತೂ ಯಾವ ನೆಪವೂ ಇಲ್ಲ. 1906ರಿಂದ 1931ರೊಳಗೆ ಐದು ದೊಡ್ಡ ಬ್ಯಾಂಕುಗಳು ಹುಟ್ಟಿದ ಅವಿಭಜಿತ ಜಿಲ್ಲೆಯ ನೆಲ ಇದು. ಸೊಸೈಟಿಯ ಸಾಲ, ಚಕ್ರಬಡ್ಡಿ, ಠೇವಣಿ ಎಷ್ಟು ವರ್ಷಕ್ಕೆ ದುಪ್ಪಟ್ಟು ಎಂಬುದೆಲ್ಲ ಇಲ್ಲಿ ಅಂಗಡಿಕಟ್ಟೆಯ ಮಾತು. ಬಡ್ಡಿ ದರದಿಂದ 70ನ್ನು ಭಾಗಿಸಿದರೆ ದುಪ್ಪಟ್ಟಾಗುವ ವರ್ಷಗಳು ಸಿಗುತ್ತವೆ: ಶೇ 7ಕ್ಕೆ ಹತ್ತು ವರ್ಷ, ಶೇ 10ಕ್ಕೆ ಏಳು. ಕರೆಂಟಿಗೂ ನೀರಿಗೂ ಮುರಕಲ್ಲಿಗೂ ಇದೇ ಗಣಿತ.

2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯನ್ನೇ ತೆಗೆದುಕೊಳ್ಳಿ. ಶುರುವಾದಾಗಿನ ನಿಯಮ ಇದು: 2022–23ರ ತಿಂಗಳ ಸರಾಸರಿ ಬಳಕೆ, ಅದರ ಮೇಲೆ ಶೇ 10, ಒಟ್ಟು ಮಿತಿ ತಿಂಗಳಿಗೆ 200 ಯುನಿಟ್. ಅಷ್ಟರೊಳಗೆ ಬಿಲ್ಲು ಶೂನ್ಯ. ಮೂಲ ವರ್ಷವನ್ನು ಸ್ಥಿರವಾಗಿಟ್ಟದ್ದು ಆ ಯೋಜನೆಯ ವಿವೇಕ. ಪ್ರತಿ ವರ್ಷವೂ ಹಿಂದಿನ ವರ್ಷದ ಮೇಲೆ ಶೇ 10 ಎಂದಿದ್ದರೆ, 50 ಯುನಿಟ್ಟಿನ ಮನೆ ಏಳು ವರ್ಷಕ್ಕೆ ಸುಮಾರು 100ಕ್ಕೆ, ಹದಿನೈದಕ್ಕೆ 200ಕ್ಕೆ, ಇಪ್ಪತ್ತೊಂಬತ್ತಕ್ಕೆ 800ಕ್ಕೆ ಹೋಗಿ ನಿಲ್ಲುತ್ತಿತ್ತು. ಒಂದು ತಲೆಮಾರಿನಲ್ಲಿ ಹದಿನಾರು ಪಟ್ಟು. ಪ್ರತಿ ವರ್ಷದ ಹೆಚ್ಚಳ ಮಾತ್ರ ಯಾರ ಕಣ್ಣಿಗೂ ಬೀಳದಷ್ಟು ಸಣ್ಣದು.

ದುಪ್ಪಟ್ಟಾಗುವಿಕೆಯಲ್ಲಿ ಇನ್ನೊಂದು ಭಯಂಕರ ಗುಣವಿದೆ. 1, 2, 4, 8 ಎಂದು ಬರೆಯುತ್ತಾ ಹೋಗಿ. ಎಂಟು ಬಂದಾಗ ಅದರ ಹಿಂದಿನ ಎಲ್ಲವನ್ನೂ ಕೂಡಿಸಿದರೆ ಏಳೇ. ಅಂದರೆ ದುಪ್ಪಟ್ಟಾಗುವ ಪ್ರತಿ ಅವಧಿಯಲ್ಲೂ, ಆವರೆಗಿನ ಇಡೀ ಚರಿತ್ರೆಯಲ್ಲಿ ಖರ್ಚು ಮಾಡಿದ್ದಕ್ಕಿಂತ ಹೆಚ್ಚನ್ನು ಖರ್ಚು ಮಾಡುತ್ತೇವೆ. ಕಲ್ಲುಕೋರೆಯೊಂದರಲ್ಲಿ ಅರ್ಧ ಗುಡ್ಡ ಇನ್ನೂ ಉಳಿದಿದೆ, ಚಿಂತೆಯಿಲ್ಲ ಎನ್ನುವವನಿಗೆ ಉಳಿದಿರುವುದು ಒಂದೇ ಒಂದು ಅವಧಿ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಾಧ್ಯಾಪಕ ಆಲ್ಬರ್ಟ್ ಬಾರ್ಟ್ಲೆಟ್ 1969ರಿಂದ ದಶಕಗಳ ಕಾಲ ಊರೂರು ಸುತ್ತಿ ಈ ಒಂದೇ ವಿಷಯದ ಮೇಲೆ ಉಪನ್ಯಾಸ ಕೊಟ್ಟರು. ಒಂದೇ ಪಾಠವನ್ನು ಅಷ್ಟು ವರ್ಷ ಹೇಳಬೇಕೆಂದು ಒಬ್ಬ ಪ್ರಾಧ್ಯಾಪಕರಿಗೆ ಅನ್ನಿಸಿದ್ದರೆ ಅದು ನಮ್ಮ ತಲೆಗೆ ಎಷ್ಟು ಕಷ್ಟದಿಂದ ಹತ್ತುತ್ತದೆ ಎಂದು ಊಹಿಸಬಹುದು.

ದೇಶದ ಲೆಕ್ಕಕ್ಕೆ ಬನ್ನಿ. 1947ರಲ್ಲಿ ಭಾರತದ ವಿದ್ಯುತ್ ಸ್ಥಾವರಗಳ ಒಟ್ಟು ಸಾಮರ್ಥ್ಯ 1,362 ಮೆಗಾವ್ಯಾಟ್. ಎಲ್ಲೂರಿನ ಸ್ಥಾವರಕ್ಕಿಂತ ತುಸು ಹೆಚ್ಚು, ಅಷ್ಟೆ! 2024ರ ಮಾರ್ಚಿನಲ್ಲಿ ಅದು ಸುಮಾರು 4,42,000 ಮೆಗಾವ್ಯಾಟ್. 77 ವರ್ಷಗಳಲ್ಲಿ ಎಂಟು ಸಲ ದುಪ್ಪಟ್ಟಾಗಿ ಮೇಲೆ ಸ್ವಲ್ಪ ಉಳಿದಿದೆ. ಹೆಮ್ಮೆಪಡಬೇಕಾದ ಸಾಧನೆ ಇದು, ಅನುಮಾನವಿಲ್ಲ. ಈಗ ಮುಂದಿನ 75 ವರ್ಷವೂ ಇದೇ ಗತಿ ಎಂದಿಟ್ಟುಕೊಳ್ಳಿ. ಇನ್ನು ಎಂಟು ದುಪ್ಪಟ್ಟು ಎಂದರೆ 256 ಪಟ್ಟು: ಸುಮಾರು 11 ಕೋಟಿ 30 ಲಕ್ಷ ಮೆಗಾವ್ಯಾಟ್. ಇಂದು ಇಡೀ ಜಗತ್ತು ಎಣ್ಣೆ, ಕಲ್ಲಿದ್ದಲು, ಅನಿಲ, ವಿದ್ಯುತ್ ಎಲ್ಲ ಸೇರಿಸಿ ಶಕ್ತಿ ಬಳಸುವ ವೇಗ ಸುಮಾರು 2 ಕೋಟಿ ಮೆಗಾವ್ಯಾಟ್.

ಸೋಲಾರ್ ಇದೆಯಲ್ಲ ಎನ್ನುವವರು ಇದ್ದಾರೆ. ಸೋಲಾರಿನ ಮೇಲೆ ನನಗೂ ಪ್ರೀತಿ ಇದೆ. 1995ರಲ್ಲಿ ಶುರುವಾದ ಸೆಲ್ಕೊ ಸಂಸ್ಥೆ ಆರಂಭದ ವರ್ಷಗಳಲ್ಲೇ ನಮ್ಮ ಜಿಲ್ಲೆಯ ಹಳ್ಳಿ ಮನೆಗಳಿಗೆ ದೀಪ ತಂದದ್ದನ್ನು ಕೃತಜ್ಞತೆಯಿಂದ ನೆನೆಯುತ್ತೇನೆ. ಆದರೆ ಲೆಕ್ಕ ಯಾರ ಪ್ರೀತಿಗೂ ಬಗ್ಗುವುದಿಲ್ಲ. ಚದರ ಮೀಟರಿಗೆ 200 ವ್ಯಾಟ್ ಹಿಡಿದು, ಆ 11 ಕೋಟಿ ಚಿಲ್ಲರೆ ಮೆಗಾವ್ಯಾಟನ್ನು ಬರಿಯ ಫಲಕಗಳಿಂದ ಪಡೆಯಲು ಹೊರಟರೆ ಸುಮಾರು 5,65,000 ಚದರ ಕಿಲೋಮೀಟರ್ ಬೇಕು. ಮೂರು ಕರ್ನಾಟಕ. ಅಲ್ಲಿಂದ ಮುಂದಿನ ದುಪ್ಪಟ್ಟಿಗೆ ಆರು ಕರ್ನಾಟಕ, ಅದರ ಮುಂದಿನದಕ್ಕೆ ಹನ್ನೆರಡು. ಮೂರನೆಯದು ಬರುವ ಮೊದಲೇ ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಒಂದು ಗದ್ದೆ, ಒಂದು ಮನೆ, ಒಂದು ಮರ ನಿಲ್ಲಲೂ ಜಾಗ ಇರುವುದಿಲ್ಲ. ಅಣುವಿದ್ಯುತ್ತನ್ನು ಬೇಕಾದರೂ ಸೇರಿಸಿ, ಸಮುದ್ರದ ಗಾಳಿಯನ್ನು ಸೇರಿಸಿ. ಒಂದೆರಡು ದುಪ್ಪಟ್ಟು ಮುಂದೂಡಬಹುದು. ಹಾಗಾಗಿ ಬೆಳವಣಿಗೆ ನಿಲ್ಲುವುದು ಖಚಿತ. ಯಾವ ಮಟ್ಟದಲ್ಲಿ, ಯಾರ ಪಾಲಿಗೆ ಎಷ್ಟು ಬಂದ ಮೇಲೆ ಎಂಬುದು ಮಾತ್ರ ನಮ್ಮ ಕೈಯಲ್ಲಿ ಇದೆ, ಅದೂ ಬೇಗ ಯೋಚಿಸಿದರೆ.

ಇದು ದೂರದ ಮಾತೇನಲ್ಲ. ಉಡುಪಿಯಿಂದ ಕಾಸರಗೋಡಿಗೆ 400 ಕಿಲೋವೋಲ್ಟಿನ ಲೈನು ಎಳೆಯುವ ಯೋಜನೆಗೆ ಮೂಡುಬಿದಿರೆ, ಬಂಟ್ವಾಳ ಕಡೆಯ ಕೃಷಿಕರು ಎದುರು ನಿಂತಿದ್ದಾರೆ. ಅಂಥ ಲೈನಿನ ಕೆಳಗೆ 46 ಮೀಟರ್ ಅಗಲದ ಪಟ್ಟಿಯಲ್ಲಿ ಎತ್ತರದ ಮರ ಇರುವಂತಿಲ್ಲ. ಕಿಲೋಮೀಟರಿಗೆ ಹನ್ನೊಂದು ಎಕರೆ ಚಿಲ್ಲರೆ. ಮೂವತ್ತು ವರ್ಷ ಸಾಕಿದ ಅಡಿಕೆ, ತೆಂಗು ಕಳೆದುಕೊಳ್ಳುವವನ ಸಂಕಟ ನಿಜವಾದದ್ದು, ಆತನಿಗೆ ನ್ಯಾಯವಾದ ಪರಿಹಾರ ಸಿಗಲೇಬೇಕು. ಆದರೆ ಬೇಡಿಕೆ ಹತ್ತು ವರ್ಷಕ್ಕೊಮ್ಮೆ ದುಪ್ಪಟ್ಟಾಗುತ್ತಾ ಇರಲಿ, ಲೈನು ಮಾತ್ರ ಬೇಡ ಎನ್ನುವ ಸ್ಥಾನದಲ್ಲಿ ನಿಲ್ಲಲು ಯಾರಿಗೂ ಆಗದು. ಈ ಲೈನು ತಪ್ಪಿದರೆ ಇನ್ನೊಬ್ಬರ ತೋಟದ ಮೇಲೆ ಎರಡು.

ಎತ್ತಿನಹೊಳೆಯಲ್ಲೂ ಇದೇ. ನೇತ್ರಾವತಿಯ ಮೇಲ್ಭಾಗದ ಹೊಳೆಗಳಿಂದ ವರ್ಷಕ್ಕೆ 24 ಟಿಎಂಸಿ ನೀರನ್ನು ಘಟ್ಟದ ಆಚೆಗೆ ಒಯ್ಯುವ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಶುರುವಾಯಿತು. ನಮ್ಮಲ್ಲಿ ಅದರ ಚರ್ಚೆ ಹೊಳೆ ಬತ್ತುತ್ತದೆಯೋ ಇಲ್ಲವೋ ಎಂಬುದರ ಸುತ್ತ ನಡೆಯಿತು. ತುಂಬೆಯ ಅಣೆಕಟ್ಟಿನಿಂದ ಕುಡಿಯುವ ಮಂಗಳೂರಿಗೂ ಆ ಭಯ ಸಹಜ. ಶಕ್ತಿಯ ಲೆಕ್ಕ ಮಾತ್ರ ಬದಿಗೆ ಉಳಿಯಿತು. 24 ಟಿಎಂಸಿ ಎಂದರೆ ಸುಮಾರು 68 ಕೋಟಿ ಟನ್. ಅದನ್ನು ಎತ್ತುವ ಪ್ರತಿ ನೂರು ಮೀಟರಿಗೂ ಕನಿಷ್ಠ ಹದಿನೆಂಟೂವರೆ ಕೋಟಿ ಯುನಿಟ್ ಬೇಕು, ಒಳ್ಳೆಯ ಪಂಪುಗಳಲ್ಲಿ 23 ಕೋಟಿ. ಒಂದು ಸಲಕ್ಕಲ್ಲ, ಪ್ರತಿ ವರ್ಷ, ಯೋಜನೆ ಇರುವಷ್ಟು ಕಾಲ. ಕೋಲಾರ, ಚಿಕ್ಕಬಳ್ಳಾಪುರದ ಬಾಯಾರಿಕೆಯನ್ನು ನಾನು ಹಗುರವಾಗಿ ಕಾಣಲಾರೆ. ಅಲ್ಲಿನ ಕೆರೆಗಳಲ್ಲಿ ಬಿದ್ದ ಮಳೆಯನ್ನು ಬಿದ್ದಲ್ಲೇ ಹಿಡಿಯಲು ಅಷ್ಟು ಯುನಿಟ್ ಬೇಕಾಗಿರಲಿಲ್ಲ ಎಂಬುದಂತೂ ನಿಜ.

ಮಿತವ್ಯಯದ ಯಂತ್ರ ಬಂದರೆ ಎಲ್ಲ ಸರಿಯಾಗುತ್ತದೆ ಎಂಬ ನಂಬಿಕೆಯನ್ನೂ ಪರೀಕ್ಷಿಸಬೇಕು. 1865ರಲ್ಲೇ ಇಂಗ್ಲೆಂಡಿನ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್, ಉಗಿಯಂತ್ರ ಸುಧಾರಿಸಿದಷ್ಟೂ ಕಲ್ಲಿದ್ದಲಿನ ಬಳಕೆ ಏರುತ್ತದೆ ಎಂದು ತೋರಿಸಿದ. ನಮ್ಮಲ್ಲಿ ಹನಿ ನೀರಾವರಿ ಹಾಕಿದವನು ಉಳಿದ ನೀರನ್ನು ಬಾವಿಯಲ್ಲೇ ಬಿಟ್ಟನೇ? ಎಷ್ಟೋ ಕಡೆ ಆ ನೀರಿನಿಂದ ಗುಡ್ಡದ ಮೇಲೆ ಇನ್ನೊಂದು ಎಕರೆ ಅಡಿಕೆ ಎದ್ದಿತು. ಮಳೆಗಾಲದ ನೀರಿನಲ್ಲೇ ಬೆಳೆಯುತ್ತಿದ್ದ ಭತ್ತದ ಗದ್ದೆಗಳು ಬೇಸಿಗೆಯಲ್ಲಿ ನೀರು ಕೇಳುವ ತೋಟಗಳಾದವು. ಡ್ರಿಪ್ಪಿನ ಪೈಪು ಒಳ್ಳೆಯದೇ. ಮೇಲಿನ ಮಿತಿಯೊಂದು ಜೊತೆಗಿದ್ದರೆ ಮಾತ್ರ ಅದು ಉಳಿತಾಯ.

ಮಿತಿ ಬೇಕಾದರೆ ಅಳತೆ ಬೇಕು. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪುಗಳಿಗೆ ಕರೆಂಟು ಉಚಿತ. ಇದನ್ನು ತೆಗೆಯಿರಿ ಎಂದು ನಾನು ಹೇಳುವುದಿಲ್ಲ. ಅಡಿಕೆಯ ಹಳದಿ ರೋಗ, ಎಲೆಚುಕ್ಕಿ ರೋಗ, ಧಾರಣೆಯ ಏರಿಳಿತದ ನಡುವೆ ಸಣ್ಣ ಕೃಷಿಕನಿಗೆ ಆ ಆಸರೆ ಬೇಕು. ಆದರೆ ಉಚಿತ ಎಂಬ ಕಾರಣಕ್ಕೆ ಅಳೆಯುವುದನ್ನೂ ಬಿಟ್ಟಿದ್ದೇವೆ. ಬಹುಪಾಲು ಪಂಪುಗಳಿಗೆ ಮೀಟರಿಲ್ಲ. ಬಳಕೆ ಎಷ್ಟೆಂಬುದು ಫೀಡರಿನ ಮೇಲೆ ಕಟ್ಟಿದ ಅಂದಾಜು. ಮೀಟರು ಕೂತರೆ ನಾಳೆ ಬಿಲ್ಲು ಬರುತ್ತದೆ ಎಂಬ ಕೃಷಿಕರ ಅನುಮಾನಕ್ಕೆ ಆಧಾರವಿಲ್ಲದೆ ಇಲ್ಲ. ಆದ್ದರಿಂದ ಮೀಟರಿನ ಓದು ಬಿಲ್ಲಿಗೆ ಬಳಕೆಯಾಗುವುದಿಲ್ಲ ಎಂಬುದು ಮಾತಿನ ಭರವಸೆಯಾಗಿ ಅಲ್ಲ, ಆದೇಶದಲ್ಲೇ ಬರಬೇಕು. ಓದು ಮೊದಲು ತೋಟದವನಿಗೆ, ಆಮೇಲೆ ಗ್ರಾಮ ಪಂಚಾಯತಿಗೆ ಸಿಗಬೇಕು.

ಅದರಿಂದ ಏನು ಪ್ರಯೋಜನ ಎಂದರೆ ಒಂದು ಉದಾಹರಣೆ ಸಾಕು. ಹತ್ತು ಎಕರೆ ತೋಟಕ್ಕೆ ಬೇಸಿಗೆಯ 120 ದಿನ ಡ್ರಿಪ್ಪಿನಲ್ಲಿ ನೀರು ಕೊಟ್ಟರೆ ಸುಮಾರು 13,200 ಟನ್. ಅಂತರ್ಜಲ ಹತ್ತು ಮೀಟರ್ ಇಳಿದರೆ ಅಷ್ಟೇ ನೀರಿಗೆ 900 ಯುನಿಟ್ ಹೆಚ್ಚು ಬೇಕು. ಯುನಿಟ್ಟಿಗೆ ಆರು ರೂಪಾಯಿ ಎಂದಿಟ್ಟುಕೊಂಡರೂ 5,400 ರೂಪಾಯಿ, ನಾಲ್ಕೂವರೆ ಕ್ವಿಂಟಾಲ್ ಕಲ್ಲಿದ್ದಲು. ಒಂದು ತೋಡಿನ ಎರಡೂ ಬದಿಯಲ್ಲಿ ಅಂಥ ಇಪ್ಪತ್ತು ತೋಟ ಇದ್ದರೆ ಒಂದು ಬೇಸಿಗೆಗೆ ಒಂದು ಲಕ್ಷ ರೂಪಾಯಿ ದಾಟುತ್ತದೆ, ಅದನ್ನು ಸರ್ಕಾರ ಈಗಲೂ ಯಾರಿಗೂ ಕಾಣದಂತೆ ಕೊಡುತ್ತಲೇ ಇದೆ. ಅದೇ ತೋಡಿಗೆ ಡಿಸೆಂಬರಿನಲ್ಲಿ ಕಟ್ಟ ಹಾಕಿದ ವರ್ಷ ಪಂಪುಗಳ ಓದು ಎಷ್ಟು ಇಳಿಯಿತು, ಹಾಕದ ವರ್ಷ ಎಷ್ಟು ಏರಿತು ಎಂಬುದು ಎರಡು ಬೇಸಿಗೆಗಳಲ್ಲಿ ಪಂಚಾಯತಿಯ ಪುಸ್ತಕದಲ್ಲಿ ಅಂಕಿಯಾಗಿ ಕೂರುತ್ತದೆ. ಕಟ್ಟಕ್ಕೆ, ಹಳೆಯ ಸುರಂಗದ ಹೂಳೆತ್ತುವುದಕ್ಕೆ ಎಷ್ಟು ಹಣ ಇಡಬೇಕು ಎಂದು ಗ್ರಾಮಸಭೆಯಲ್ಲಿ ಕೇಳುವವನ ಕೈಯಲ್ಲಿ ಆಗ ಮನವಿಪತ್ರದ ಜೊತೆಗೆ ಆ ಅಂಕಿಯೂ ಇರುತ್ತದೆ.